ಮುಂಗಡವಾಗಿ ಸಂದ ಹಣ: ಜಮೈಕಾದ ಕಡಲತೀರದಲ್ಲಿ ಏಳು ದಿನ

ವಸತಿ, ಮೂರು ಹೊತ್ತಿನ ಊಟ, ನಡುನಡುವೆ ಉಪಾಹಾರ, ಪಾನೀಯ, ಈಜುಕೊಳ, ಮಕ್ಕಳ ಆಟೋಟ, ಸಂಜೆಯ ಸಂಗೀತ, ಇವೆಲ್ಲಕ್ಕೂ ಸೇರಿ ಒಂದೇ ದರ; ಆ ದರವೂ ಪ್ರವಾಸಿಯು ಮನೆಯಿಂದ ಹೊರಡುವ ಮೊದಲೇ ಪೂರ್ತಿ ಸಂದಾಯ. ‘ಆಲ್ ಇನ್‌ಕ್ಲೂಸಿವ್’ ಎಂದು ಕರೆಯಲಾಗುವ ಈ ಪದ್ಧತಿಯು ಕೆರಿಬಿಯನ್ ದ್ವೀಪಗಳ ಹೋಟೆಲ್ ಉದ್ಯಮದ ಸ್ವರೂಪವನ್ನೇ ಬದಲಿಸಿದೆ. 2023ರ ಡಿಸೆಂಬರ್ ಕೊನೆಯ ವಾರವನ್ನು ಜಮೈಕಾದ ಮಾಂಟೆಗೊ ಬೇ ನಗರದ ಸಮೀಪದಲ್ಲಿರುವ ಅಂತಹ ಒಂದು ರೆಸಾರ್ಟಿನಲ್ಲಿ ಕುಟುಂಬ ಸಮೇತ ಕಳೆಯುವ ಅವಕಾಶ ಈ ಲೇಖಕನಿಗೆ ಒದಗಿತ್ತು. ಹಣ ಮೊದಲು, ಸರಕು ಆಮೇಲೆ ಎಂಬ ಈ ವ್ಯವಹಾರವು ಹೇಗೆ ನಡೆಯುತ್ತದೆ, ಅದರಲ್ಲಿ ಯಾರಿಗೆ ಎಷ್ಟು ದಕ್ಕುತ್ತದೆ ಎಂಬುದನ್ನು ಗ್ರಾಹಕನ ಸ್ಥಾನದಲ್ಲಿ ಕುಳಿತು ಗಮನಿಸಿದ್ದನ್ನು ನಮ್ಮ ಸದಸ್ಯ ಬಾಂಧವರ ಮುಂದಿಡಬೇಕೆನಿಸಿದೆ. ನನ್ನೊಂದಿಗೆ ನನ್ನ ಅಣ್ಣನವರೂ ಇದ್ದರು. ನಾನೊಬ್ಬನೇ ಹೋಗಿದ್ದರೆ ಕೆಲವು ಸಂಗತಿಗಳು ಕಣ್ಣಿಗೆ ಬೀಳುತ್ತಿರಲಿಲ್ಲ.

ಅಣ್ಣನವರು ಹಾಸನದಲ್ಲಿ ಕಾಫಿಬೀಜ ಮತ್ತು ಕಾಫಿಪುಡಿಯ ವ್ಯಾಪಾರಿಗಳು. ನಲವತ್ತು ವರ್ಷಗಳಲ್ಲಿ ಮದುವೆ, ಸಾವುಗಳನ್ನು ಬಿಟ್ಟರೆ ಅಂಗಡಿಯ ಬಾಗಿಲು ಹಾಕಿದವರಲ್ಲ. 2022ರಲ್ಲಿ ಅವರ ಹೃದಯಕ್ಕೆ ಎರಡು ಸ್ಟೆಂಟ್ ಅಳವಡಿಸಿದರು. ವೈದ್ಯರು ಆರು ತಿಂಗಳು ವಿಶ್ರಾಂತಿ ಎಂದರೆ ಅವರು ಮೂರನೆಯ ವಾರಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಹಾಜರು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ಮಗಳು, ‘ದೊಡ್ಡಪ್ಪ ದೊಡ್ಡಮ್ಮ ಬರದಿದ್ದರೆ ನೀವೂ ಬರುವುದು ಬೇಡ’ ಎಂದು ಹಟ ಹಿಡಿದಿದ್ದರಿಂದ ಅವರು ಕದಲಿದರು. ಅಲ್ಲಿ ಕ್ರಿಸ್‌ಮಸ್ ವಾರದಲ್ಲಿ ಶಾಲೆ, ಕಚೇರಿಗಳಿಗೆ ರಜೆ. ಹೊರಗೆ ಕೊರೆಯುವ ಚಳಿ. ಅಲ್ಲಿನ ಮಧ್ಯಮ ವರ್ಗದ ಕುಟುಂಬಗಳು, ಅವುಗಳೊಂದಿಗೆ ಈಗ ನಮ್ಮ ಕನ್ನಡಿಗ ಕುಟುಂಬಗಳೂ, ಆ ವಾರ ದಕ್ಷಿಣದ ಬಿಸಿಲಿಗೆ ವಲಸೆ ಹೋಗುತ್ತವೆ. ನ್ಯೂವರ್ಕ್ ವಿಮಾನ ನಿಲ್ದಾಣದಿಂದ ಮಾಂಟೆಗೊ ಬೇಗೆ ಸುಮಾರು ನಾಲ್ಕು ಗಂಟೆಯ ಹಾರಾಟ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅಲ್ಪಾವಧಿಯ ಪ್ರವಾಸಕ್ಕೆ ಜಮೈಕಾದ ವೀಸಾ ಬೇಕಿರಲಿಲ್ಲ. ಆದರೆ ಅಮೆರಿಕಕ್ಕೆ ಮರಳಿ ಪ್ರವೇಶಿಸಲು ಅಲ್ಲಿನ ವೀಸಾ ಚಾಲ್ತಿಯಲ್ಲಿರಬೇಕು.

ಮೂರು ಕೋಣೆ, ಏಳು ರಾತ್ರಿ, ಆರು ಮಂದಿ ದೊಡ್ಡವರು, ಒಂದು ಮಗು. ಅಳಿಯ ಆಗಸ್ಟ್ ತಿಂಗಳಿನಲ್ಲಿಯೇ 12,000 ಡಾಲರ್ ಸಂದಾಯ ಮಾಡಿದ್ದನು. ಅಂದಿನ ದರದಲ್ಲಿ ಸುಮಾರು ಹತ್ತು ಲಕ್ಷ ರೂಪಾಯಿ. ಅಣ್ಣನವರಿಗೆ ಈ ಅಂಕಿಯನ್ನು ಹೇಳಬಾರದೆಂದು ಮಗಳು ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದಳು.

ಇಲ್ಲಿ ವೃತ್ತಿಸಹಜವಾದ ಒಂದು ಮಾತು. ವಿದೇಶ ಪ್ರವಾಸದ ಪ್ಯಾಕೇಜನ್ನು ಭಾರತದಲ್ಲಿಯೇ ಏಜೆಂಟರ ಮೂಲಕ ಖರೀದಿಸುವವರಿಂದ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿಯೇ ತೆರಿಗೆ ಸಂಗ್ರಹಿಸುವ ಪದ್ಧತಿ ಜಾರಿಗೆ ಬಂದಿದೆ. ಅದರ ದರ ಮತ್ತು ಮಿತಿಗಳು ಅಲ್ಲಿಂದೀಚೆಗೆ ಹಲವು ಬಾರಿ ಬದಲಾಗಿರುವುದರಿಂದ ಹಣ ಕಟ್ಟುವ ದಿನದ ದರವನ್ನು ವಿಚಾರಿಸಿಕೊಳ್ಳುವುದು ಲೇಸು. ಹೀಗೆ ಸಂಗ್ರಹವಾದ ಮೊತ್ತವು ಹೆಚ್ಚುವರಿ ತೆರಿಗೆಯಲ್ಲ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ಮರಳಿ ಪಡೆಯಬಹುದು. ಇನ್ನು, ಕುಟುಂಬದ ವಿಹಾರದ ಖರ್ಚನ್ನು ‘ವ್ಯಾಪಾರಾಭಿವೃದ್ಧಿ ವೆಚ್ಚ’ ಎಂಬ ತಲೆಬರಹದಡಿ ತೋರಿಸಲು ಪ್ರತಿ ಮಾರ್ಚ್‌ನಲ್ಲಿಯೂ ನನ್ನ ಕಕ್ಷಿದಾರರಲ್ಲಿ ಒಬ್ಬಿಬ್ಬರು ಕೇಳಿಯೇ ಕೇಳುತ್ತಾರೆ. ಕಡಲತೀರದಲ್ಲಿ ಮೊಮ್ಮಗುವಿನೊಂದಿಗೆ ತೆಗೆಸಿಕೊಂಡ ಭಾವಚಿತ್ರವನ್ನು ಅವರೇ ನನಗೆ ಕಳುಹಿಸಿರುತ್ತಾರೆ.

ಮಣಿಕಟ್ಟಿನ ಪಟ್ಟಿ

ರೆಸಾರ್ಟಿನ ಸ್ವಾಗತ ಕಟ್ಟೆಯಲ್ಲಿ ಪ್ರತಿಯೊಬ್ಬರ ಮಣಿಕಟ್ಟಿಗೂ ಬಣ್ಣದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಬಿಗಿದರು. ಕತ್ತರಿಸದೆ ಅದನ್ನು ತೆಗೆಯಲಾಗದು. ಅದು ಕೈಯಲ್ಲಿದ್ದರೆ ಏನನ್ನು ಬೇಕಾದರೂ, ಎಷ್ಟು ಬೇಕಾದರೂ ಕೇಳಬಹುದು. ಯಾರೂ ಚೀಟಿ ಹರಿಯುವುದಿಲ್ಲ, ಸಹಿ ಹಾಕಿಸಿಕೊಳ್ಳುವುದಿಲ್ಲ. ಅಣ್ಣನವರು ಮೊದಲ ಎಳನೀರನ್ನು ಕುಡಿದು, ಮಾಣಿಯು ಲೋಟ ತೆಗೆದುಕೊಂಡು ಹೋದ ಮೇಲೂ ಹತ್ತು ನಿಮಿಷ ಅಲ್ಲಿಯೇ ಕುಳಿತಿದ್ದರು. ‘ಲೋ, ಇದರ ಬಿಲ್ಲು ಯಾವಾಗ ತರ್ತಾನೆ?’ ಎಂದು ನನ್ನನ್ನು ಕೇಳಿದರು. ಬಿಲ್ಲು ಇಲ್ಲವೆಂದರೆ ಅವರಿಗೆ ಸಮಾಧಾನವಾಗಲಿಲ್ಲ. ಎರಡು ದಿನ ಅವರು ಬಾಯಾರಿದರೂ ಕೇಳಲು ಸಂಕೋಚಪಟ್ಟು ಕೋಣೆಗೆ ಬಂದು ನೀರು ಕುಡಿದರು.

ಊಟದ ವಿಚಾರದಲ್ಲಿ ನಮ್ಮಂತಹ ಸಸ್ಯಾಹಾರಿಗಳಿಗೆ ಭಯಪಟ್ಟಷ್ಟು ಕಷ್ಟವಾಗಲಿಲ್ಲ. ತೆಂಗಿನಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ, ಕರಿದ ಬಾಳೆ, ಸುಟ್ಟ ಜೀಗುಜ್ಜೆ ಅಲ್ಲಿನ ನಿತ್ಯದ ಆಹಾರ. ಈ ಜೀಗುಜ್ಜೆಯೂ ಆ ನೆಲದ್ದಲ್ಲ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವೆಂದು 1793ರಲ್ಲಿ ಕ್ಯಾಪ್ಟನ್ ಬ್ಲೈ ಎಂಬಾತ ಪೆಸಿಫಿಕ್ ದ್ವೀಪಗಳಿಂದ ಸಸಿಗಳನ್ನು ಹಡಗಿನಲ್ಲಿ ತಂದನು. 1845ರಿಂದ ಕರಾರು ಕೂಲಿಗಳಾಗಿ ಬಂದ ಭಾರತೀಯರು ಮಸಾಲೆಯ ಸಾರನ್ನೂ ರೊಟ್ಟಿಯನ್ನೂ ಆ ದ್ವೀಪಕ್ಕೆ ಕೊಟ್ಟರು. ಬಡಿಸುವ ಹೆಂಗಸು ರೊಟ್ಟಿಯನ್ನು ‘ರೋಟಿ’ ಎಂದಾಗ ನಮ್ಮ ಅತ್ತಿಗೆಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೂರನೆಯ ದಿನ ಅಣ್ಣನವರ ಒತ್ತಾಯಕ್ಕೆ ಮಣಿದು ನಾನು ಮೊತ್ತವನ್ನು ಹೇಳಿಬಿಟ್ಟೆ. ಅವರು ಬಾಯಿಲೆಕ್ಕದಲ್ಲಿಯೇ ಭಾಗಿಸಿ, ತಲೆಗೆ ದಿನಕ್ಕೆ 24,000 ರೂಪಾಯಿಗೆ ಹತ್ತಿರ ಎಂದರು. ಲೆಕ್ಕ ಸರಿಯಾಗಿತ್ತು. ಬಳಿಕ ಎದುರಿನ ಮದ್ಯದ ಕಟ್ಟೆಯ ಕಡೆಗೆ ನೋಡಿದರು. ಬೆಳಗಿನ ಹತ್ತೂವರೆಗೆ ಅಲ್ಲಿ ಸಾಲು ನಿಂತಿತ್ತು. ‘ಅವರು ಕುಡಿಯೋದಕ್ಕೂ ನಾವೇ ಕೊಟ್ಟಿದೀವಿ ಅನ್ನು’ ಎಂದರು.

ಈ ವ್ಯಾಪಾರದ ಮರ್ಮವೇ ಅದು. ಒಂದೇ ದರ ನಿಗದಿ ಮಾಡುವವನು ಸರಾಸರಿ ಗ್ರಾಹಕನನ್ನು ಲೆಕ್ಕಕ್ಕೆ ಹಿಡಿಯುತ್ತಾನೆ. ಹೆಚ್ಚು ಬಳಸುವವನ ವೆಚ್ಚದ ಒಂದು ಭಾಗವನ್ನು ಕಡಿಮೆ ಬಳಸುವವನು ಭರಿಸುತ್ತಾನೆ. ಮದ್ಯ ಮುಟ್ಟದ, ಮಾಂಸ ತಿನ್ನದ, ಒಂಬತ್ತೂವರೆಗೆ ಮಲಗುವ ನಮ್ಮಂತಹ ಕುಟುಂಬವು ಹೋಟೆಲಿನವರ ಪಾಲಿಗೆ ಅತ್ಯುತ್ತಮ ಗಿರಾಕಿ. ಇನ್ನೊಂದು ಕಡೆಯಿಂದ ನೋಡಿದರೆ, ಬಗೆಬಗೆಯಾಗಿ ಕೇಳಿಸಿಕೊಳ್ಳುವ ‘ಎಲ್ಲವೂ’ ಎಂಬ ಶಬ್ದಕ್ಕೂ ಗಡಿಗಳಿವೆ. ಸ್ಥಳೀಯ ರಮ್ ಮತ್ತು ಬಿಯರ್ ದರದೊಳಗೆ. ಕೆಲವು ಆಮದು ಮದ್ಯಗಳಿಗೆ ಬೇರೆ ಹಣ. ದೋಣಿಯನ್ನು ಹುಟ್ಟುಹಾಕಿ ನಡೆಸಿದರೆ ದರದೊಳಗೆ. ಯಂತ್ರದ ದೋಣಿಗೆ ಬೇರೆ. ಅಂಗಮರ್ದನಕ್ಕೆ, ಹೊರಗಿನ ಸುತ್ತಾಟಕ್ಕೆ ಬೇರೆ. ಕೋಣೆಯ ಆದಾಯದಿಂದ ಸ್ಥಿರ ವೆಚ್ಚವನ್ನು ತುಂಬಿಕೊಂಡು, ಈ ‘ಬೇರೆ’ಗಳಿಂದ ಲಾಭ ಮಾಡಿಕೊಳ್ಳುವ ಹೋಟೆಲುಗಳೂ ಉಂಟು.

ಕೋಣೆಯು ತರಕಾರಿಗಿಂತ ಬೇಗ ಕೆಡುವ ಸರಕು. ಟೊಮೆಟೊ ಇಂದು ಹೋಗದಿದ್ದರೆ ನಾಳೆ ಅರ್ಧ ಬೆಲೆಗಾದರೂ ಹೋಗುತ್ತದೆ. ಇಂದು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗುವುದಿಲ್ಲ. ಡಿಸೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಕೆರಿಬಿಯನ್‌ನಲ್ಲಿ ಸುಗ್ಗಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ, ದರವೂ ಇಳಿಕೆ. ಸುಗ್ಗಿಯ ಕೋಣೆಗಳನ್ನು ಮಳೆಗಾಲದಲ್ಲಿಯೇ ಮಾರಿ ಹಣ ಎಣಿಸಿಕೊಂಡರೆ ಕಷ್ಟದ ತಿಂಗಳುಗಳ ಸಂಬಳಕ್ಕೆ ಸಾಲ ಮಾಡಬೇಕಾಗಿಲ್ಲ. ಅಳಿಯನ ಹತ್ತು ಲಕ್ಷವು ನಾಲ್ಕು ತಿಂಗಳು ಬಡ್ಡಿಯಿಲ್ಲದೆ ಅವರ ಬಳಿ ಇತ್ತು. ಲೆಕ್ಕಪತ್ರದ ಶಿಸ್ತಿನ ಪ್ರಕಾರ ಅದು ಆಗಸ್ಟ್‌ನ ಆದಾಯವಲ್ಲ. ನಾವು ಅಲ್ಲಿ ತಂಗಿ ಮುಗಿಯುವವರೆಗೆ ಅದು ಹೊಣೆ. ಈ ವ್ಯತ್ಯಾಸವನ್ನು ಮರೆತವರ ಕಥೆಗೆ ಮುಂದೆ ಬರುತ್ತೇನೆ.

ಬಾಳೆಹಣ್ಣಿನ ಹಡಗಿನಿಂದ ಎತ್ತರದ ಗೋಡೆಯವರೆಗೆ

ಜಮೈಕಾ 10,991 ಚದರ ಕಿಲೋಮೀಟರಿನ ದ್ವೀಪ. ನಮ್ಮ ಹಾಸನ ಜಿಲ್ಲೆಯ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು. ಮಾಂಟೆಗೊ ಎಂಬ ಹೆಸರೇ ಹಂದಿಕೊಬ್ಬಿಗೆ ಇರುವ ಸ್ಪ್ಯಾನಿಷ್ ಶಬ್ದದಿಂದ ಬಂದುದೆಂದು ಹೇಳುತ್ತಾರೆ. ಸ್ಪೇನಿನವರ ಕಾಲದಲ್ಲಿ ಆ ಬಂದರಿನಿಂದ ಅದು ರಫ್ತಾಗುತ್ತಿತ್ತಂತೆ. ಪ್ರವಾಸೋದ್ಯಮವು ಆ ದ್ವೀಪಕ್ಕೆ ಬಂದದ್ದು ಸಹ ಸರಕು ಸಾಗಣೆಯ ಬೆನ್ನಮೇಲೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಹಡಗಿನ ಕಪ್ತಾನನು ಜಮೈಕಾದ ಬಾಳೆಹಣ್ಣನ್ನು ಬಾಸ್ಟನ್ನಿಗೆ ಒಯ್ದು ಮಾರತೊಡಗಿದನು. ಹೋಗುವಾಗ ಹಣ್ಣು, ಬರುವಾಗ? ಲಾರಿ ಇಟ್ಟುಕೊಂಡ ನಮ್ಮ ಸದಸ್ಯರಿಗೆ ಈ ಪ್ರಶ್ನೆಯನ್ನು ವಿವರಿಸಬೇಕಾಗಿಲ್ಲ. ಚಳಿಯಿಂದ ಓಡುವ ಶ್ರೀಮಂತರನ್ನು ಅವನು ಹಡಗಿಗೆ ಹತ್ತಿಸಿಕೊಂಡನು. ಅವರು ಇಳಿದುಕೊಳ್ಳಲೆಂದು ಪೋರ್ಟ್ ಆಂಟೋನಿಯೊದಲ್ಲಿ ಟಿಚ್‌ಫೀಲ್ಡ್ ಎಂಬ ಹೋಟೆಲನ್ನೂ ನಡೆಸಿದನು.

ಎಲ್ಲಕ್ಕೂ ಒಂದೇ ದರ ಎಂಬ ಕಲ್ಪನೆ ಯೂರೋಪಿನದು. 1950ರಲ್ಲಿ ಜೆರಾರ್ ಬ್ಲಿಟ್ಜ್ ಎಂಬ ಬೆಲ್ಜಿಯಂ ದೇಶದವನು ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆಗಳನ್ನು ಹಾಕಿ ‘ಕ್ಲಬ್ ಮೆಡ್’ ಆರಂಭಿಸಿದನು. ಜಮೈಕಾದಲ್ಲಿ ಇದು ಬೇರೂರಿದ ಕಾರಣ ಮಾತ್ರ ಬೇರೆ. 1970ರ ದಶಕದಲ್ಲಿ ಅಲ್ಲಿ ರಾಜಕೀಯ ಹಿಂಸಾಚಾರ ಹೆಚ್ಚಿತು. 1976ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. 1980ರ ಚುನಾವಣೆಯ ವರ್ಷದಲ್ಲಿ ಸುಮಾರು 800 ಮಂದಿ ಹತರಾದರು. ಪ್ರವಾಸಿಗಳು ಹೋಟೆಲಿನಿಂದ ಹೊರಗೆ ಕಾಲಿಡಲು ಹೆದರುವ ಕಾಲದಲ್ಲಿ, ಹೊರಗೆ ಹೋಗುವ ಅಗತ್ಯವೇ ಇಲ್ಲದಂತೆ ಎಲ್ಲವನ್ನೂ ಒಳಗೇ ಒದಗಿಸುವುದು ಜಾಣ ವ್ಯಾಪಾರವಾಯಿತು. ಕಿಂಗ್‌ಸ್ಟನ್ನಿನಲ್ಲಿ ವರ್ತಕರಾಗಿ ನೆಲೆ ನಿಂತಿದ್ದ, ಬೆತ್ಲೆಹೆಮ್ ಮೂಲದ ಇಸ್ಸಾ ಕುಟುಂಬವು ಇದರಲ್ಲಿ ಮೊದಲಿಗರ ಸಾಲಿನದು.

ಗಾರ್ಡನ್ ಸ್ಟುವರ್ಟ್ ಅವರ ಕಥೆಯು ನಮ್ಮ ಓದುಗರಿಗೆ ಇನ್ನೂ ಹತ್ತಿರದ್ದು. 1941ರಲ್ಲಿ ಜನಿಸಿದ ಅವರು 1968ರಲ್ಲಿ ಅಮೆರಿಕದ ಏರ್‌ಕಂಡೀಷನರ್‌ಗಳನ್ನು ತರಿಸಿ ಮಾರುವ ಸಂಸ್ಥೆಯನ್ನು ಕಟ್ಟಿದವರು. ಹೋಟೆಲ್ ಉದ್ಯಮದ ಅನುಭವವಿರಲಿಲ್ಲ. 1981ರಲ್ಲಿ ಮಾಂಟೆಗೊ ಬೇ ವಿಮಾನ ನಿಲ್ದಾಣದ ಮಗ್ಗುಲಲ್ಲಿದ್ದ ಹಳೆಯ ಹೋಟೆಲೊಂದನ್ನು ಕೊಂಡು, ದುರಸ್ತಿ ಮಾಡಿಸಿ, ‘ಸ್ಯಾಂಡಲ್ಸ್’ ಎಂದು ಹೆಸರಿಟ್ಟರು. ಪ್ರತಿಸ್ಪರ್ಧಿಯು ಹಣ ಕೇಳುವ ಸೌಲಭ್ಯವನ್ನು ತಾನು ದರದೊಳಗೆ ಸೇರಿಸುವುದು ಅವರ ತಂತ್ರ. 2021ರ ಜನವರಿಯಲ್ಲಿ ಅವರು ತೀರಿಕೊಂಡಾಗ ಆ ಹೆಸರಿನ ಹೋಟೆಲುಗಳು ಹಲವು ದ್ವೀಪಗಳಲ್ಲಿದ್ದವು.

ಅಣ್ಣನವರಿಗೆ ಜಮೈಕಾ ಎಂದರೆ ಇದಾವುದೂ ಅಲ್ಲ. 1976ರ ಏಪ್ರಿಲ್‌ನ ಸಬೀನಾ ಪಾರ್ಕ್. ಆ ಟೆಸ್ಟ್ ಪಂದ್ಯದ ಮೊದಲ ಇನ್ನಿಂಗ್ಸ್‌ನಲ್ಲಿ ವೇಗದ ಎಸೆತಗಳಿಗೆ ಗಾಯಗೊಂಡ ಮೂವರು ಭಾರತೀಯ ಬ್ಯಾಟುಗಾರರಲ್ಲಿ ಇಬ್ಬರು ಕರ್ನಾಟಕದವರು: ಜಿ.ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್. ಹದಿನಾರರ ಹುಡುಗನಾಗಿದ್ದಾಗ ಪತ್ರಿಕೆಯಲ್ಲಿ ಓದಿದ್ದು ಅವರಿಗೆ ನಿನ್ನೆಯದೆಂಬಂತೆ ನೆನಪಿದೆ. ಆ ಮೈದಾನವಿರುವ ಕಿಂಗ್‌ಸ್ಟನ್ ದ್ವೀಪದ ಇನ್ನೊಂದು ತುದಿಯಲ್ಲಿದೆ. ರೆಸಾರ್ಟಿನ ಪ್ರವಾಸಪಟ್ಟಿಯಲ್ಲಿ ಜಲಪಾತವಿತ್ತು, ಡಾಲ್ಫಿನ್ ಇತ್ತು. ಸಬೀನಾ ಪಾರ್ಕ್ ಇರಲಿಲ್ಲ.

ಗೋಡೆಯ ಹೊರಗೆ

ಐದನೆಯ ದಿನ ಸಂಜೆ ನಾಲ್ಕರ ಹೊತ್ತಿಗೆ ಅಣ್ಣನವರು ‘ಬಾ, ಪೇಟೆ ನೋಡಿಕೊಂಡು ಬರೋಣ’ ಎಂದರು. ಹೆಬ್ಬಾಗಿಲಿನಿಂದ ಕಾಲು ಮೈಲಿ ದೂರದಲ್ಲಿ ರಸ್ತೆಯ ಪಕ್ಕದಲ್ಲಿ ಏಳೆಂಟು ಮರದ ಗೂಡಂಗಡಿಗಳು. ಕೆತ್ತಿದ ಮರದ ಗೊಂಬೆ, ಹುಲ್ಲಿನ ಚೀಲ, ಸರ, ಅಂಗಿ. ಕೊನೆಯ ಅಂಗಡಿಯಲ್ಲಿ ಅರವತ್ತರ ಸುಮಾರಿನ ಹೆಂಗಸೊಬ್ಬರು ಕಾಫಿಯ ಪೊಟ್ಟಣಗಳನ್ನು ಜೋಡಿಸಿಕೊಂಡು ಕುಳಿತಿದ್ದರು. ಅಣ್ಣನವರ ಕಾಲು ಅಲ್ಲಿಯೇ ನಿಂತಿತು.

ಜಮೈಕಾಕ್ಕೆ 1728ರಲ್ಲಿ ಕಾಫಿಯನ್ನು ತಂದವನು ಅಲ್ಲಿನ ಮಾಜಿ ಗವರ್ನರ್ ನಿಕೊಲಸ್ ಲಾಸ್. ಅಲ್ಲಿನ ಬ್ಲೂ ಮೌಂಟನ್ ಕಾಫಿಯು ಜಗತ್ತಿನ ದುಬಾರಿ ಕಾಫಿಗಳಲ್ಲೊಂದು. ಇತರ ದೇಶಗಳು ಗೋಣಿಚೀಲದಲ್ಲಿ ಕಳುಹಿಸುವ ಬೀಜವನ್ನು ಅವರು ಮರದ ಪೀಪಾಯಿಯಲ್ಲಿ ಕಳುಹಿಸುತ್ತಾರೆ. ಬಹಳ ಕಾಲದಿಂದ ಅದರ ದೊಡ್ಡ ಗಿರಾಕಿ ಜಪಾನ್. ನಮ್ಮ ರೆಸಾರ್ಟಿನಲ್ಲಿ ಬೆಳಿಗ್ಗೆ ಕೊಡುತ್ತಿದ್ದುದು ಅದಲ್ಲವೆಂದು ಅಣ್ಣನವರು ಮೊದಲ ಗುಟುಕಿನಲ್ಲಿಯೇ ತೀರ್ಪು ಕೊಟ್ಟಿದ್ದರು. ಬೆಣ್ಣೆ, ಜಾಮು, ಹಣ್ಣಿನ ರಸದ ಪೊಟ್ಟಣಗಳ ಮೇಲೆಯೂ ನಾನು ಓದಿದ್ದು ಹೊರದೇಶಗಳ ಹೆಸರುಗಳನ್ನೇ.

ಆ ಹೆಂಗಸು ಹುರಿದ ಬೀಜವನ್ನು ಅಂಗೈಗೆ ಹಾಕಿದರು. ಅಣ್ಣನವರು ಮೂಸಿ, ಒಂದನ್ನು ಹಲ್ಲಿನಿಂದ ಒಡೆದು, ತಲೆಯಾಡಿಸಿದರು. ತಮ್ಮ ಹರಕು ಇಂಗ್ಲಿಷಿನಲ್ಲಿ ತಾವೂ ಅದೇ ವ್ಯಾಪಾರದವರೆಂದರು. ಅನಂತರ, ‘ಬೆಳಿಗ್ಗೆ ಬೋಣಿ ಎಷ್ಟು ಹೊತ್ತಿಗೆ ಆಯ್ತು ಕೇಳು’ ಎಂದು ನನಗೆ ಹೇಳಿದರು. ನಾನು ಕೇಳಿದೆ. ಆಗಿನ್ನೂ ಬೋಣಿ ಆಗಿರಲಿಲ್ಲ. ಅದು ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವಿನ ದಿನ. ರೆಸಾರ್ಟಿನಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಆಕೆ ನಮ್ಮ ಮಣಿಕಟ್ಟನ್ನು ತೋರಿಸಿ ನಕ್ಕರು. ಆ ಪಟ್ಟಿ ಕಟ್ಟಿಕೊಂಡವರು ಹೊರಗೆ ಬರುವುದೇ ಅಪರೂಪ, ಬಂದವರ ಬಳಿ ಹಣವಿರುವುದಿಲ್ಲ ಎಂದರು.

ಅಣ್ಣನವರು ಆರು ಪೊಟ್ಟಣ ಆರಿಸಿ, ಜೇಬಿಗೆ ಕೈ ಹಾಕಿದರು. ಪರ್ಸ್ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ. ಬಂದ ದಿನ ಕೋಣೆಯ ಕಪಾಟಿನೊಳಗೆ ಇಟ್ಟು ಬೀಗ ಹಾಕಿದ್ದನ್ನು ನಾವಿಬ್ಬರೂ ಮತ್ತೆ ತೆಗೆದಿರಲಿಲ್ಲ. ನಲವತ್ತು ವರ್ಷ ಗಲ್ಲಾದ ಮುಂದೆ ಕುಳಿತ ಮನುಷ್ಯನ ಮುಖ ಆ ಕ್ಷಣದಲ್ಲಿ ಹೇಗಾಯಿತೆಂಬುದನ್ನು ನಾನು ಬಣ್ಣಿಸಲಾರೆ. ‘ನೀನು ಇಲ್ಲೇ ಇರು, ಆಯಮ್ಮ ಅಂಗಡಿ ಕಟ್ಟಿಬಿಟ್ಟಾಳು’ ಎಂದು ಹೇಳಿ, ಸ್ಟೆಂಟ್ ಹಾಕಿಸಿಕೊಂಡ ಎದೆಯೊಂದಿಗೆ ಆ ಕಾಲು ಮೈಲಿಯನ್ನು ಅವರೇ ನಡೆದುಹೋಗಿ ಹಣ ತಂದರು. ಚೌಕಾಶಿ ಮಾಡಲಿಲ್ಲ. ನನಗೆ ತಿಳಿದಂತೆ ಅದು ಅವರ ಜೀವನದಲ್ಲಿ ಮೊದಲ ಬಾರಿ.

ಪ್ರವಾಸಿಯ ಹಣದಲ್ಲಿ ಎಷ್ಟು ಆ ದೇಶದಲ್ಲಿ ಉಳಿಯುತ್ತದೆ, ಎಷ್ಟು ಹೊರಗೆ ಸೋರಿಹೋಗುತ್ತದೆ ಎಂಬ ಚರ್ಚೆ ಹಳೆಯದು. ಕೆರಿಬಿಯನ್‌ನಲ್ಲಿ ಶೇ. 80ರಷ್ಟು, ಭಾರತದಲ್ಲಿ ಶೇ. 40ರಷ್ಟು ಸೋರಿಕೆ ಎಂಬ ಅಂದಾಜನ್ನು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಉಲ್ಲೇಖಿಸಿದೆ. ವಿಮಾನಯಾನದ ದರ, ವಿದೇಶಿ ಏಜೆಂಟರ ಕಮಿಷನ್‌ಗಳನ್ನು ಲೆಕ್ಕಕ್ಕೆ ಸೇರಿಸುವುದೋ ಬಿಡುವುದೋ ಎಂಬುದರ ಮೇಲೆ ಇಂತಹ ಅಂಕಿ ಬಹಳ ಏರಿಳಿಯುತ್ತದೆ. ಲೆಕ್ಕಪರಿಶೋಧಕನಾಗಿ ನಾನು ಅದಕ್ಕೆ ಕಣ್ಣುಮುಚ್ಚಿ ಸಹಿ ಹಾಕಲಾರೆ. ರೆಸಾರ್ಟುಗಳಿಂದ ಸಾವಿರಾರು ಮಂದಿಗೆ ಖಾಯಂ ಸಂಬಳ ಸಿಗುತ್ತಿದೆ ಎಂಬುದೂ ಸುಳ್ಳಲ್ಲ. 2023ರ ಜೂನ್‌ನಿಂದ ಅಲ್ಲಿ ವಾರದ 40 ಗಂಟೆಗೆ ಕನಿಷ್ಠ ವೇತನ 13,000 ಜಮೈಕಾ ಡಾಲರ್, ಎಂದರೆ ಸುಮಾರು 84 ಅಮೆರಿಕನ್ ಡಾಲರ್ ಆಗಿತ್ತು. ನಮ್ಮಲ್ಲಿ ಒಬ್ಬರ ಒಂದು ದಿನದ ದರ 285 ಡಾಲರ್. ಈ ಎರಡು ಅಂಕಿಗಳನ್ನು ಒಟ್ಟಿಗೆ ಬರೆದಿಡುವುದಷ್ಟೇ ನನ್ನ ಕೆಲಸ.

ಮುಂಗಡದ ಅಪಾಯ

ಮುಂಗಡ ಕೊಟ್ಟವನ ಸ್ಥಿತಿ ಏನಾಗಬಹುದು ಎಂಬುದಕ್ಕೆ 2019ರ ಸೆಪ್ಟೆಂಬರ್ 23ರಂದು ದಿವಾಳಿಯಾದ ಬ್ರಿಟನ್ನಿನ ಥಾಮಸ್ ಕುಕ್ ಸಂಸ್ಥೆ ದೊಡ್ಡ ನಿದರ್ಶನ. (ಅದೇ ಹೆಸರಿನ ಭಾರತದ ಸಂಸ್ಥೆಯು 2012ರಿಂದಲೇ ಬೇರೆ ಒಡೆತನದಲ್ಲಿತ್ತು; ಅದಕ್ಕೂ ಇದಕ್ಕೂ ಸಂಬಂಧವಿಲ್ಲ.) 1841ರಲ್ಲಿ ಆರಂಭವಾದ ಆ ಸಂಸ್ಥೆ ಮುಚ್ಚಿದ ದಿನ ಸುಮಾರು ಒಂದೂವರೆ ಲಕ್ಷ ಬ್ರಿಟಿಷ್ ಪ್ರವಾಸಿಗರು ಹೊರದೇಶಗಳಲ್ಲಿದ್ದರು. ಅವರು ಊಟ, ವಸತಿಗಳಿಗೆ ಏಜೆಂಟರಿಗೆ ಹಣ ಕಟ್ಟಿದ್ದರು. ಎಷ್ಟೋ ಹೋಟೆಲುಗಳಿಗೆ ಆ ಹಣ ಏಜೆಂಟರಿಂದ ಇನ್ನೂ ಬರಬೇಕಾಗಿತ್ತು. ಟ್ಯುನೀಷಿಯಾದ ಹೋಟೆಲೊಂದರಲ್ಲಿ ಹಣ ಕೊಡದೆ ಹೊರಹೋಗಬಾರದೆಂದು ಅತಿಥಿಗಳನ್ನು ತಡೆದ ಪ್ರಸಂಗವೂ ನಡೆಯಿತು. ಬ್ರಿಟಿಷ್ ಪ್ರವಾಸಿಗಳಿಗೆ ಅವರ ದೇಶದ ರಕ್ಷಣಾ ನಿಧಿಯಿತ್ತು, ಸರ್ಕಾರ ವಿಮಾನಗಳನ್ನು ಕಳುಹಿಸಿತು. ಹೋಟೆಲಿನವರಿಗೆ, ಅವರಿಗೆ ತರಕಾರಿ, ಮೀನು ಒದಗಿಸಿದವರಿಗೆ ಅಂತಹ ನಿಧಿ ಇರಲಿಲ್ಲ. ಅವರು ಸಾಲಗಾರರ ಪಟ್ಟಿಯ ಕೊನೆಯಲ್ಲಿ ನಿಂತರು. ದೊಡ್ಡ ಗಿರಾಕಿಗೆ ತೊಂಬತ್ತು ದಿನದ ಉದ್ದರಿ ಕೊಟ್ಟು ಕುಳಿತಿರುವ ನಮ್ಮ ಸಣ್ಣ ಉತ್ಪಾದಕರು ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ವಿನಂತಿ.

ನಮ್ಮ ಏಳು ದಿನಗಳು ಯಾವ ವಿಘ್ನವೂ ಇಲ್ಲದೆ ಮುಗಿದವು. ಕೊನೆಯ ಎರಡು ದಿನ ಅಣ್ಣನವರು ಎಳನೀರನ್ನು ಸಂಕೋಚವಿಲ್ಲದೆ ಕೇಳಿ ಕುಡಿದರು; ಒಂದು ಮಧ್ಯಾಹ್ನ ತೆಂಗಿನ ಮರದ ಕೆಳಗೆ ಮೂರು ಗಂಟೆ ನಿದ್ದೆ ಮಾಡಿದರು. ಅವರು ಹಗಲಿನಲ್ಲಿ ಮಲಗಿದ್ದನ್ನು ಆಸ್ಪತ್ರೆಯಲ್ಲಿ ಬಿಟ್ಟರೆ ಬೇರೆಲ್ಲಿಯೂ ನೋಡಿಲ್ಲವೆಂದು ಅತ್ತಿಗೆ ನನ್ನ ಪತ್ನಿಯೊಂದಿಗೆ ಹೇಳಿದರಂತೆ. ಹತ್ತು ಲಕ್ಷ ಹೆಚ್ಚಾಯಿತೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಈ ಮೂರು ಗಂಟೆಯನ್ನು ಜಮೆಯ ಕಡೆಗೆ ಬರೆಯುತ್ತೇನೆ.

2025ರ ಅಕ್ಟೋಬರ್ 28ರಂದು ಮೆಲಿಸಾ ಎಂಬ ಚಂಡಮಾರುತವು ಐದನೆಯ ದರ್ಜೆಯ ಬಿರುಸಿನೊಂದಿಗೆ ಜಮೈಕಾದ ಪಶ್ಚಿಮ ಭಾಗಕ್ಕೆ ಅಪ್ಪಳಿಸಿತು. ಗಾಳಿಯ ವೇಗ ಗಂಟೆಗೆ 290 ಕಿಲೋಮೀಟರಿಗೂ ಹೆಚ್ಚು. ಮಾಂಟೆಗೊ ಬೇ ನಗರಕ್ಕೂ ಭಾರಿ ಹಾನಿಯಾಯಿತು. ಕೆಲವು ದಿನಗಳ ಬಳಿಕ ಅಳಿಯನಿಗೆ ರೆಸಾರ್ಟಿನಿಂದ ಇಮೇಲ್ ಬಂದಿತು: ಕಟ್ಟಡದ ದುರಸ್ತಿ ನಡೆದಿದೆ, ಹಳೆಯ ಅತಿಥಿಗಳು ಮುಂದಿನ ಋತುವಿಗೆ ಈಗಲೇ ಕಾಯ್ದಿರಿಸಿದರೆ ರಿಯಾಯಿತಿ ಉಂಟು ಎಂದು. ಅಂದು ರಾತ್ರಿ ಹಾಸನದಿಂದ ಅಣ್ಣನವರ ಫೋನ್. ‘ಆ ಕಾಫಿ ಅಂಗಡಿಯಮ್ಮನ ಸಮಾಚಾರ ಏನಾದರೂ ಗೊತ್ತಾಯಿತೇನೋ?’ ಎಂದರು. ಅಂದು ಆಕೆ ಕೊಟ್ಟ ಪೊಟ್ಟಣದ ಮೇಲೆ ಕಾಫಿಯ ಹೆಸರಿತ್ತೇ ಹೊರತು ಅಂಗಡಿಯ ಹೆಸರಾಗಲಿ, ವಿಳಾಸವಾಗಲಿ ಇರಲಿಲ್ಲ. ನಾವೂ ಬಿಲ್ಲು ಕೇಳಿರಲಿಲ್ಲ.